ಬೇರುಮೀಸೆಯ ಮರರಾಯ

ಬಲು ಹಿಂದಿನ ಮಾತು. ಮರಕ್ಕೆ ಕೈ ಮುಗಿದರೆ ಮರವೂ ಕೊಂಬೆ ಬಾಗಿಸಿ ಮರುನಮಸ್ಕಾರ ಮಾಡುತ್ತಿದ್ದ ಕಾಲ. ಆಗ ನೇರಳಾವತಿ ಎಂಬ ಒಂದು ರಾಜ್ಯವಿತ್ತು. ರಾಜ್ಯದ ತುಂಬ ಮರಗಳು, ಮರಗಳ ತುಂಬ ಗಿಳಿಗಳು, ಗಿಳಿಗಳ ಬಾಯ ತುಂಬ ಅರಮನೆಯ ಗುಟ್ಟುಗಳು. ರಾಜ ಉದ್ದಂಡರಾಯ ಹೆಸರಿಗಷ್ಟೇ ಉದ್ದಂಡ, ಎತ್ತರದಲ್ಲಿ ಒಂದು ಮೊಳ ಕಡಿಮೆ. ಆದರೆ ಕೆಟ್ಟವನಲ್ಲ.

ಅಂಥ ರಾಜ್ಯಕ್ಕೆ ಒಂದು ವರ್ಷ ಎಂಥದೋ ಕಾಟ ಹತ್ತಿತು. ಸಂಜೆ ಇದ್ದ ಮರ ಬೆಳಿಗ್ಗೆ ಇಲ್ಲ. ಕಡಿದ ಗುರುತಿಲ್ಲ, ಸುಟ್ಟ ಬೂದಿಯಿಲ್ಲ, ಬೇರು ಕಿತ್ತ ಗುಳಿಯೂ ಇಲ್ಲ. ಮೊದಲು ಅರಮನೆಯ ಮಾವು ಹೋಯಿತು, ಆಮೇಲೆ ದಾರಿಯ ಸಾಲುಮರ, ಕೊನೆಗೆ ಊರ ಮುಂದಿನ ಅರಳಿ ಹೋಗಿ ಬರೀ ಕಟ್ಟೆ ಉಳಿಯಿತು. ಇಡೀ ರಾಜ್ಯದಲ್ಲಿ ನೆರಳೆಂದು ಇದ್ದದ್ದು ರಾಜನ ಬೆಳ್ಗೊಡೆಯ ಕೆಳಗೆ ಮಾತ್ರ. ಅದರಡಿ ಮಂತ್ರಿ, ಸೇನಾಪತಿ, ಇಬ್ಬರು ರಾಣಿಯರು ಪಾಳಿ ಹಚ್ಚಿ ನಿಲ್ಲುತ್ತಿದ್ದರು. ಒಮ್ಮೊಮ್ಮೆ ರಾಜನ ಪಾಳಿಯೇ ತಪ್ಪಿ ಹೋಗುತ್ತಿತ್ತು. ಮರಗಳನ್ನು ಮರಳಿ ತಂದವರಿಗೆ ಅರ್ಧ ರಾಜ್ಯ ಎಂದು ರಾಜ ಡಂಗುರ ಸಾರಿಸಿದ. ನೆರಳಿಲ್ಲದ ರಾಜ್ಯದಲ್ಲಿ ಅರ್ಧ ತೆಗೆದುಕೊಂಡು ಏನು ಮಾಡುವುದೆಂದು ಯಾರೂ ಮುಂದೆ ಬರಲಿಲ್ಲ.

ಆ ಊರಲ್ಲಿ ಬಾಳವ್ವ ಎಂಬ ಕೌದಿ ಹೊಲಿಯುವವಳಿದ್ದಳು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ ಹೊಲಿದಳೆಂದರೆ ಹೊದ್ದವರಿಗೆ ಕೆಟ್ಟ ಕನಸೇ ಬೀಳುತ್ತಿರಲಿಲ್ಲ. ಒಂದು ಹೊಲಿಗೆ ಸೊಟ್ಟಗಾದರೆ ಅವಳಿಗೆ ಊಟ ಸೇರದು. ಎಲ್ಲ ಬಿಚ್ಚಿ ಮತ್ತೆ ಹಾಕುವಳು. ಅವಳು ಹುಟ್ಟಿದ ದಿನ ಅವಳಪ್ಪ ಮನೆಯ ಮುಂದೆ ಒಂದು ನೇರಳೆ ನೆಟ್ಟಿದ್ದ. ಅಪ್ಪ ತೀರಿಕೊಂಡ ಮೇಲೆ ಅವಳು ಕೂತು ಹೊಲಿಯುವ ಜಾಗ ಆ ಮರದ ಬುಡ, ಸುಖದುಃಖ ಹೇಳಿಕೊಳ್ಳುವುದೂ ಆ ಮರದ ಹತ್ತಿರವೇ. ತಿಂಗಳ ಕೆಳಗೆ ಅದೂ ಮಾಯವಾಯಿತು. ಬಾಳವ್ವ ಮೂರು ದಿನ ಅತ್ತು, ನಾಲ್ಕನೆಯ ದಿನ ಅದೇ ಜಾಗದಲ್ಲಿ ಬಿಸಿಲಿಗೇ ಕೂತು ಸೂಜಿ ಹಿಡಿದಳು.

ಹೊಲಿಯಲು ಬಟ್ಟೆ ಸಾಲದೆ ತನ್ನದೇ ಹಳೆಯ ಕೌದಿಯೊಂದನ್ನು ಬಿಚ್ಚಿದಾಗ ಒಳಪದರದಿಂದ ಮೂರು ಅರಿವೆಗಳು ಹೊರಬಿದ್ದವು. ಮೂರರಲ್ಲೂ ಇದ್ದಲು, ಅರಿಶಿನ, ಕುಂಕುಮದಲ್ಲಿ ಬರೆದ ಚಿತ್ರಗಳು. ಒಂದರಲ್ಲಿ ಬಳೆ ತೊಟ್ಟ ಬನ್ನಿರಾಣಿ. ಒಂದರಲ್ಲಿ ತೊಡೆ ತಟ್ಟಿ ನಿಂತ ಆಲದ ಪೈಲ್ವಾನ. ಮೂರನೆಯದರಲ್ಲಿ ಬೇರುಗಳನ್ನೇ ಮೀಸೆ ಮಾಡಿಕೊಂಡ ಒಬ್ಬ ಮರರಾಯ. ಅವನಿಗೆ ಒಂದು ಕೈಯಲ್ಲಿ ಏಳು ಬೆರಳು, ಇನ್ನೊಂದರಲ್ಲಿ ಮೂರು. ಒಟ್ಟು ಲೆಕ್ಕ ಹತ್ತಾಯಿತಲ್ಲ ಎಂದು ಬರೆದವಳು ಸಮಾಧಾನ ಪಟ್ಟುಕೊಂಡಿರಬೇಕು. ಎರಡು ಕಣ್ಣೂ ಒಂದೇ ಕಡೆ. ತಲೆಯ ಮೇಲಿನ ಗಿಳಿ ಅವನಿಗಿಂತ ದೊಡ್ಡದು. ಕಾಲ ಕೆಳಗೆ, ಮೈಯೆಲ್ಲ ಮುಳ್ಳು ತುಂಬಿ ನಾಲ್ಕು ಮೊಳೆ ಹೊಡೆದಂಥ ಎಂಥದೋ ಒಂದು ವಸ್ತು.

"ಇದೇನವ್ವಾ ಇದು?" ಎಂದು ಬಾಳವ್ವ ತಾಯಿಯನ್ನು ಕೇಳಿದಳು.

"ನೀನ ಬರದದ್ದು. ಎಂಟು ವರ್ಷದಾಕಿ ಇದ್ದಿ."

"ಕೌದಿ ಹೊಟ್ಟ್ಯಾಗ ಯಾಕ ಹಾಕಿ ಹೊಲದಿ?"

"ಮತ್ತ ಹೊರಗ ಇಟ್ಟಿದ್ರ, ದೊಡ್ಡಾಕಿ ಆದಮ್ಯಾಲ ನಾಚಿಕೊಂಡು ನೀನ ಹರದು ಒಗಿತಿದ್ದಿ" ಎಂದಳು ಅವ್ವ. ಬಾಳವ್ವನಿಗೆ ನಿಜವಾಗಿಯೂ ಅರಿವೆಗಳನ್ನು ಒಲೆಗೆ ಹಾಕುವ ಮನಸ್ಸಾಗಿತ್ತು. ಆದರೆ ಆ ಮೀಸೆಯನ್ನು ನೋಡಿ ಕೈ ಬರಲಿಲ್ಲ. ಅಪ್ಪನನ್ನು ಎದುರಿಗೆ ಕೂರಿಸಿಕೊಂಡು, ಅವನ ಮೀಸೆ ನೋಡಿ ನೋಡಿ ಬರೆದದ್ದು ಅವಳಿಗೆ ನೆನಪಾಯಿತು.

ಈಗ ಅಂಜನದ ಕಟ್ಟೆಯ ವಿಷಯ ಹೇಳಬೇಕು. ಅದು ಕಲ್ಲಿನ ಕಟ್ಟೆಯಲ್ಲ. ಹೊತ್ತು ಇಳಿಯುವಾಗ ವೀಳ್ಯದೆಲೆಗೆ ಅಂಜನ ಸವರಿ ಮೂರು ಸಲ ಊದಿದರೆ, ಬೇರೆ ಬೇರೆ ರಾಜ್ಯಗಳಲ್ಲಿ ಹಾಗೆಯೇ ಎಲೆ ಹಿಡಿದು ಕೂತವರ ಮುಖಗಳು ಎಲೆಯಲ್ಲಿ ಕಾಣುತ್ತಿದ್ದವು. ಒಬ್ಬರ ಮನೆ ಒಬ್ಬರು ಕಂಡವರಲ್ಲ, ಆದರೂ ಜೀವದ ಗೆಳೆತನ. ತಾವು ಬರೆದದ್ದು, ಬೆಳೆದದ್ದು, ಮನೆಯ ಮುಂದಿನ ಮರ, ಎಲ್ಲವನ್ನೂ ತೋರಿಸುವರು. ತೋರಿಸಿದ್ದಕ್ಕೆ ನೋಡಿದವರು ಒಂದು ಮಾತು ಹೇಳಲೇಬೇಕು. ಹೇಳದೆ ಎದ್ದರೆ ಎಲೆ ಅಂಗೈಗೆ ಅಂಟಿ ಏಳು ವರ್ಷ ಬಿಡದು. ಹಾಗೆ ಎದ್ದುಹೋದ ಒಬ್ಬ ಪಾಳೇಗಾರ ಇನ್ನೂ ಎಡಗೈಯಲ್ಲಿ ಉಣ್ಣುತ್ತಿದ್ದನಂತೆ. ಕಟ್ಟೆಯಲ್ಲಿ ಇನ್ನೊಂದು ರೂಢಿಯಿತ್ತು. ತಿದ್ದಿ ತೀಡಿ, ತಮ್ಮದರಲ್ಲಿ ಒಳ್ಳೆಯದನ್ನು ಮಾತ್ರ ತೋರಿಸುವುದು. ಕೆಟ್ಟದ್ದನ್ನು, ಕಳೆದುಕೊಂಡದ್ದನ್ನು ಯಾರೂ ತರುತ್ತಿರಲಿಲ್ಲ.

ಅಲ್ಲಿ ಬಾಳವ್ವನಿಗೆ ಇಬ್ಬರು ಹತ್ತಿರದವರು. ಒಬ್ಬಳು ಏಳು ಬೆಟ್ಟದಾಚೆಯ ದುಂಡಿ ಎಂಬ ರಾಕ್ಷಸಿ. ಮುಖ ಎಲೆಯಲ್ಲಿ ಹಿಡಿಸದೆ ಒಂದು ದಿನ ಮೂಗು, ಒಂದು ದಿನ ಕೋರೆಹಲ್ಲು ಕಾಣುತ್ತಿತ್ತು. ಇಂಥವಳು ಬರೆಯುತ್ತಿದ್ದದ್ದು ಮಾತ್ರ ಮೊಲದ ಮರಿಗಳನ್ನು. ಇನ್ನೊಬ್ಬ ಮುಖಕ್ಕೆ ಬೀಸಣಿಗೆ ಅಡ್ಡ ಹಿಡಿದಿರುತ್ತಿದ್ದ. ಸಹೃದಯ ಎಂದು ಹೆಸರು ಹೇಳಿಕೊಂಡಿದ್ದ. ಯಾರು ಏನೇ ತೋರಿಸಲಿ, ಮೊದಲ ಮೆಚ್ಚುಗೆ ಅವನದು. ಅವನ ಹೊಗಳಿಕೆಗೆ ಕಾಯುವವರೇ ಹೆಚ್ಚು, ಬಾಳವ್ವನೂ ಕಾಯುವವಳೇ.

ಹಳೆಯ ಚಿತ್ರ ತೋರಿಸಲು ಅವಳಿಗೆ ಆಸೆ, ಹಾಗೆಯೇ ತೋರಿಸಲು ನಾಚಿಕೆ. ಬನ್ನಿರಾಣಿಯ ಸೊಟ್ಟ ಮೂಗನ್ನು ನೀಲಿಯಲ್ಲಿ ತಿದ್ದಿ, ಸೊಂಟ ಸಣ್ಣ ಮಾಡಿ ಸಂಜೆ ಎಲೆಗೆ ಹಿಡಿದಳು. "ಆಹಾ, ಏನು ರೇಖೆ, ಏನು ಲಾವಣ್ಯ. ಕಣ್ಣು ತಣಿಯಿತು ತಾಯಿ" ಎಂದ ಸಹೃದಯ. ಬಾಳವ್ವ ಹಿಗ್ಗಿ ಎಲೆ ಮಡಚಿ ನೋಡಿದರೆ ಅರಿವೆ ಬೆಳ್ಳಗಿದೆ, ರಾಣಿ ಇಲ್ಲ. ನೀಲಿ ಕಳಪೆಯಿರಬೇಕೆಂದು ಅಂಗಡಿಯವನನ್ನು ಬೈದಳು. ಮಾರನೆಯ ದಿನ ಬೇರೆ ನೀಲಿ ತಂದು ಆಲದ ಪೈಲ್ವಾನನನ್ನು ಇನ್ನೂ ಚೆನ್ನಾಗಿ ತಿದ್ದಿ ತೋರಿಸಿದಳು. ಸಹೃದಯ ಹೊಗಳಿದ. ಪೈಲ್ವಾನನೂ ಹೋದ.

ಕಳೆದುಕೊಂಡದ್ದನ್ನು ಹೇಳಬಾರದೆಂಬ ರೂಢಿಯನ್ನು ಬಾಳವ್ವ ಅಂದು ಮುರಿದಳು. ಇಬ್ಬರಿಗೆ ಮಾತ್ರ ಜಾಗವಿರುವ ಒಂದು ಎಳೆಯ ಎಲೆಯಲ್ಲಿ ದುಂಡಿಯನ್ನು ಕರೆದು, ಚಿತ್ರ ಹೋದದ್ದು, ಅದಕ್ಕೂ ಮುಂಚೆ ನೇರಳೆ ಹೋದದ್ದು ಎಲ್ಲ ಹೇಳಿಕೊಂಡು ಅತ್ತಳು. ಎಲೆಯಲ್ಲಿ ಅಂದು ದುಂಡಿಯ ಒಂದು ಕಣ್ಣು ಕಾಣುತ್ತಿತ್ತು. ಅದು ದೊಡ್ಡದಾಯಿತು.

"ನಿನ್ನ ನೇರಳಿ ಕಟ್ಟ್ಯಾಗ ತೋರಿಸಿದ್ದಿ?"

"ಹೂಂ. ಹಣ್ಣ ಬಿಟ್ಟಿದ್ವು ಅಂತ."

"ಆ ಬೀಸಣಿಗಿಯಂವ ಹೊಗಳಿದ್ನಾ?"

"ಬಾಯಿ ತುಂಬ."

"ನನ್ನ ಏಳೂ ಬೆಟ್ಟದ ಮರ ಹೊಗಳಿದ್ದ. ಮೊಲಾನೂ. ಬೆಕ್ಕು ತಿಂದಿತು ಅಂತ ನಾ ಬೆಕ್ಕಿಗೆ ಹೊಡದೆ" ಎಂದು ದುಂಡಿ ನಿಟ್ಟುಸಿರು ಬಿಟ್ಟಳು. ಎಲೆ ಹಾರಿ ಹೋಗದಂತೆ ಬಾಳವ್ವ ಒತ್ತಿ ಹಿಡಿಯಬೇಕಾಯಿತು.

ಆಮೇಲೆ ದುಂಡಿ ಇಡೀ ಕತೆ ಬಿಚ್ಚಿದಳು. ಅವನು ಸಹೃದಯನೂ ಅಲ್ಲ, ಮಣ್ಣಂಗಟ್ಟಿಯೂ ಅಲ್ಲ. ಭೇಷರಾಯ ಎಂಬ ಮಾಂತ್ರಿಕ. ದುಂಡಿಯೂ ಅವನೂ ಒಂದೇ ಗುರುವಿನ ಹತ್ತಿರ ಕಲಿತವರು. ಅವನು ಮನಸಾರೆ ಹೊಗಳಿದ್ದು ಇದ್ದಲ್ಲಿಂದ ಕಿತ್ತುಹೋಗಿ ಅವನ ಗೋಡೆಯ ಮೇಲೆ ಚಿತ್ರವಾಗಿ ಕೂರುತ್ತದೆ. ವಿದ್ಯೆ ಕೊಡುವಾಗ ಗುರು ಎರಡು ಕಟ್ಟು ಹಾಕಿದ್ದ. ಯಾವುದನ್ನೂ ತೆಗಳಬಾರದು; ಮನಸ್ಸಿನಲ್ಲಿಲ್ಲದ ಹೊಗಳಿಕೆ ಬಾಯಲ್ಲಿ ಬರಬಾರದು. ಎರಡರಲ್ಲಿ ಒಂದು ತಪ್ಪಿದರೂ ವಿದ್ಯೆ ನಾಶ, ಹೋದದ್ದೆಲ್ಲ ವಾಪಸ್ಸು. ಅವನ ಮನೆ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದರೆ ದುಂಡಿಗೆ ಒಂದು ಹೊತ್ತಿನ ಊಟವಾಗುತ್ತಿತ್ತು. ಕಟ್ಟೆಯಲ್ಲಿ ಮಾತ್ರ ಸಿಗುತ್ತಾನೆ. ಅಲ್ಲಿ ಮಾತಾಡದೆ ಏಳುವ ಹಾಗಿಲ್ಲ. ಆದರೆ ಆ ಕಟ್ಟೆಗೆ ಹೊಗಳಲಾಗದಂಥ ಚಿತ್ರವನ್ನು ಇಷ್ಟು ವರ್ಷದಲ್ಲಿ ಯಾರೂ ತಂದಿರಲಿಲ್ಲ.

"ತಂಗಿ, ಅಂಥಾದ್ದು ನಿನ್ನ ಹಂತ್ಯಾಕ ಐತೇನು?" ಎಂದಳು ದುಂಡಿ.

ಬಾಳವ್ವ ಮರರಾಯನನ್ನು ನೋಡಿದಳು. "ಐತಿ" ಎಂದಳು.

ಸುದ್ದಿ ರಾಜನಿಗೆ ಮುಟ್ಟಿತು. ಮಾರನೆಯ ಸಂಜೆ ಕೊಡೆ, ಕೊಡೆಯ ಪಾಳಿಯವರು, ಹಿಂದೆ ಇಡೀ ಊರು, ಎಲ್ಲ ಬಾಳವ್ವನ ಅಂಗಳಕ್ಕೆ ಬಂದರು. ಚಿತ್ರ ನೋಡಿದ ಉದ್ದಂಡರಾಯನಿಗೆ ಎದೆ ಧಸಕ್ಕೆಂದಿತು. ಹೊರರಾಜ್ಯದವರು ನೋಡುವ ಕಟ್ಟೆಯಲ್ಲಿ ಇದನ್ನು ತೋರಿಸಿದರೆ ನೇರಳಾವತಿಯ ಮಾನ ಏನಾಗಬೇಕು ಎಂದು ಅವನ ಚಿಂತೆ. ಚಿನ್ನದ ನೀರು ಸಮೇತ ಆಸ್ಥಾನದ ಚಿತ್ರಕಾರನನ್ನು ಕರೆತಂದಿದ್ದ. ಕಡೇಪಕ್ಷ ಕಣ್ಣು ಆಚೆಗೊಂದು ಈಚೆಗೊಂದು ಇಡಿಸೋಣ ಎಂದು ಬೇಡಿಕೊಂಡ. ತಿದ್ದಲು ಎಲ್ಲರಿಗಿಂತ ಹೆಚ್ಚು ಕೈ ಕಡಿಯುತ್ತಿದ್ದದ್ದು ಬಾಳವ್ವನಿಗೇ. ಆ ಏಳು ಬೆರಳು ಅವಳನ್ನು ಚುಚ್ಚುತ್ತಿದ್ದವು. ಆದರೂ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, "ತಿದ್ದಿದ್ರ ಇದೂ ಹೋಗತೈತ್ರಿ, ಮಹಾರಾಜರ" ಎಂದಳು.

ಎಲೆ ಊದಿದರು. ಸಹೃದಯ ಬೀಸಣಿಗೆ ಬೀಸುತ್ತ ಬಂದ. ಮೂರನೆಯ ಚಿತ್ರಕ್ಕೆ ಅವನೂ ಬಾಯಲ್ಲಿ ನೀರೂರಿಸಿಕೊಂಡು ಕಾಯುತ್ತಿದ್ದ. ಬಾಳವ್ವ ಕಣ್ಣು ಮುಚ್ಚಿ ಅರಿವೆ ಬಿಡಿಸಿ ಹಿಡಿದಳು.

ಬೀಸಣಿಗೆ ನಿಂತಿತು.

"ಆಹಾ" ಎಂದು ಸಹೃದಯ ಶುರು ಮಾಡಿದ, "ಏನು ಬಣ್ಣ" ಎನ್ನಲು ಹೋದ. ಬಣ್ಣದಲ್ಲಿ ಅರ್ಧ ಅರಿಶಿನ, ಇನ್ನರ್ಧ ಉಪ್ಪಿನಕಾಯಿಯ ಎಣ್ಣೆಯ ಕಲೆ. ಮಾತು ಗಂಟಲಿಗೇ ಇಳಿಯಿತು. ಎರಡನೆಯ ಸಲ ರೇಖೆಯ ಕಡೆ ತಿರುಗಿದ. ರೇಖೆಯನ್ನು ಹಿಡಿದು ಹೊರಟರೆ ಏಳು ಬೆರಳು ಸಿಕ್ಕಿದವು, ಅಲ್ಲಿಂದ ಮೂರು ಬೆರಳು, ಅಲ್ಲಿಂದ ಆ ಗಿಳಿ. ತೆಗಳುವ ಹಾಗಿಲ್ಲ, ಹೊಗಳುವ ಹಾಗಿಲ್ಲ, ಎದ್ದುಹೋಗುವ ಹಾಗಿಲ್ಲ. ಬಾಯಲ್ಲಿ ಬಿಸಿತುಪ್ಪ, ಉಗುಳಲೂ ಆಗದು, ನುಂಗಲೂ ಆಗದು. ಹಣೆಯಿಂದ ಬೆವರು ಇಳಿದು ಬೀಸಣಿಗೆ ಒದ್ದೆಯಾಯಿತು. ಅದನ್ನು ಕೆಳಗಿಟ್ಟ. ನೋಡಿದರೆ ಪಾಪ, ದುಂಡುಮುಖದ, ಸಾಧು ಕಳೆಯ ಒಬ್ಬ ಮುದುಕ.

ಮೂರನೆಯ ಸಲ ಅವನ ಕಣ್ಣು ಮೀಸೆಯ ಮೇಲೆ ಬಿತ್ತು. ಬಿದ್ದದ್ದು ಅಲ್ಲಿಯೇ ನಿಂತಿತು. ಮುಖ ಮೆತ್ತಗಾಯಿತು. "ಈ ಮೀಸೆ..." ಎಂದ, ತನಗೆ ತಾನೇ ಹೇಳಿಕೊಳ್ಳುವವನ ಹಾಗೆ.

ಬಾಳವ್ವ ಕಣ್ಣು ತೆರೆದಳು. ಮೀಸೆ ನಿಜವಾಗಿಯೂ ಚೆನ್ನಾಗಿತ್ತು. ಎಂಟು ವರ್ಷದ ಹುಡುಗಿ ಅಪ್ಪನ ಮೀಸೆಯ ಒಂದೊಂದು ಕೂದಲನ್ನೂ ಒಂದೊಂದು ಬೇರು ಮಾಡಿ ಬರೆದಿದ್ದಳು. ಇವನು ಇನ್ನೊಂದು ಮಾತು ಮನಸಾರೆ ಆಡಿದರೆ ಮುಗಿಯಿತು. ಮೀಸೆ ಹೋಗುತ್ತದೆ, ನೇರಳೆ ಬರುವುದಿಲ್ಲ, ಅಪ್ಪನದೆಂದು ಈ ಲೋಕದಲ್ಲಿ ಏನೂ ಉಳಿಯುವುದಿಲ್ಲ. ಅವಳು ತಟ್ಟನೆ ಮೀಸೆಯ ಮೇಲೆ ಅಂಗೈ ಇಟ್ಟು ಮುಚ್ಚಿ, ಚಿತ್ರದ ತಳಕ್ಕೆ ಬೆರಳು ತೋರಿಸಿದಳು.

"ಮೀಸಿ ಇರಲಿರಿ. ಇದು ಹೆಂಗ ಬಂದೈತಿ, ಹೇಳ್ರಿ."

ಸಹೃದಯ ಬಗ್ಗಿ ನೋಡಿದ. ಮುಳ್ಳು, ನಾಲ್ಕು ಮೊಳೆ. "ಇದೇನು ತಾಯಿ?" ಎಂದ.

"ಕುದುರಿರಿ. ಮರಕ್ಕ ನಡ್ಯಾಕ ಬರೂದಿಲ್ಲಲ್ಲ, ಅದಕ್ಕ ಒಂದು ಕುದುರಿ."

ಹಿಂದೆ ನಿಂತಿದ್ದ ಇಡೀ ಊರು ಗೊಳ್ಳೆಂದು ನಕ್ಕಿತು. ರಾಜನೂ ನಕ್ಕ. ಬಾಳವ್ವನಿಗೆ ಯಾವ ಉಪಾಯವೂ ನೆನಪಿನಲ್ಲಿ ಉಳಿಯಲಿಲ್ಲ. ಅವಳು ಮತ್ತೆ ಎಂಟು ವರ್ಷದವಳಾಗಿ, ಮುಖ ಸಣ್ಣದು ಮಾಡಿ, ಕಣ್ಣಲ್ಲಿ ನೀರು ತುಂಬಿಕೊಂಡು ಎಲೆಯ ಕಡೆ ನೋಡಿದಳು. ಭೇಷರಾಯ ಎಷ್ಟೇ ಕಳ್ಳನಾದರೂ ನಲವತ್ತು ವರ್ಷ ಜನರನ್ನು ಹೊಗಳಿ ಬದುಕಿದವನು. ಅಳುವ ಮುಖ ಕಂಡರೆ ತಡೆದುಕೊಳ್ಳುವುದು ಆ ನಾಲಿಗೆಗೆ ಗೊತ್ತಿರಲಿಲ್ಲ.

"ಓಹೋ, ಕುದುರೆಯೇ. ಆಹಾ, ಎಂಥ ಕುದುರೆ ತಾಯಿ. ಇನ್ನೇನು ಕೆನೆಯುವುದೊಂದು ಬಾಕಿ."

ಹೇಳಿದ ಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಹೊತ್ತು ಮೀರಿತ್ತು.

ಮೊದಲು ಎಲೆಯೊಳಗಿಂದ ಒಂದು ಗಿಳಿ ಹೊರಗೆ ಬಂತು. ಹಿಂದೆಯೇ ಒಂದು ಕೊಂಬೆ. ಆಮೇಲೆ ಮರಗಳು ದನ ಮನೆಗೆ ಬಂದ ಹಾಗೆ ನುಗ್ಗಿದವು, ಪ್ರತಿಯೊಂದೂ ತನ್ನ ಜಾಗ ಹುಡುಕಿಕೊಂಡು. ಅರಳಿ ಕಟ್ಟೆಗೆ ಹೋಗಿ ಕೂತಿತು. ಅರಮನೆಯ ಮಾವು ಆತುರಕ್ಕೆ ಸಿಂಹಾಸನವನ್ನೂ ಎತ್ತಿಕೊಂಡು ನಿಂತದ್ದರಿಂದ ಉದ್ದಂಡರಾಯ ಮುಂದೆ ಏಣಿ ಹಾಕಿಯೇ ಒಡ್ಡೋಲಗ ನಡೆಸಬೇಕಾಯಿತು. ಎತ್ತರದ ಕೊರತೆ ನೀಗಿತೆಂದು ಅವನಿಗೆ ಸಂತೋಷ. ದುಂಡಿಯ ಏಳು ಬೆಟ್ಟಗಳು ಮತ್ತೆ ಮರ ತುಂಬಿಕೊಂಡವು, ಮೊಲಗಳು ಅವಳ ಚಿತ್ರಗಳಿಗೆ ಮರಳಿದವು. ಬೆಕ್ಕಿನ ಹತ್ತಿರ ಅವಳು ತಪ್ಪಾಯಿತೆಂದು ಕೇಳಿಕೊಂಡಳು. ಬನ್ನಿರಾಣಿ, ಆಲದ ಪೈಲ್ವಾನ ಇಬ್ಬರೂ ತಮ್ಮ ಅರಿವೆಗೆ ಮರಳಿದರು. ಬಾಳವ್ವ ತಿದ್ದಿದ ನೀಲಿಯೆಲ್ಲ ದಾರಿಯಲ್ಲಿ ಉದುರಿಹೋಗಿ, ಸೊಟ್ಟ ಮೂಗು ಹಾಗೆಯೇ ಇತ್ತು.

ಎಲ್ಲಕ್ಕೂ ಕೊನೆಗೆ ನೇರಳೆ ಬಂತು. ಅವಸರ ಮಾಡದೆ ಅಂಗಳದಲ್ಲಿ ಬೇರು ಊರಿ, ಬಾಳವ್ವನ ತಲೆಯ ಮೇಲೆ ಮಾಗಿದ ಒಂದು ಹಣ್ಣು ಬೀಳಿಸಿತು. ಅವಳು ಮರವನ್ನು ತಬ್ಬಿಕೊಂಡು ಅತ್ತಳು. ಯಾರೂ ನಗಲಿಲ್ಲ.

ಎಲೆಯಲ್ಲಿ ಭೇಷರಾಯ ಇನ್ನೂ ಕೂತೇ ಇದ್ದ. ಹಿಂದಿನ ಗೋಡೆ ಬೋಳಾಗಿತ್ತು. ಅಳುತ್ತಾನೆಂದು ಎಲ್ಲರೂ ಅಂದುಕೊಂಡರು. ಅವನು ಮಾತ್ರ ಗಂಟಲು ಸರಿಮಾಡಿಕೊಂಡು, ಮೆಲ್ಲಗೆ, ರುಚಿ ನೋಡುವವನ ಹಾಗೆ, "ಅದು ಕುದುರೆಯಲ್ಲ. ಹಲಸಿನಹಣ್ಣು" ಎಂದ. ನಲವತ್ತು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ತೆಗಳಿಕೆ. ಹೇಳಿ ಹಗುರಾಗಿ ನಕ್ಕ. ಆಮೇಲೆ, "ಮೀಸೆ ಮಾತ್ರ ನಿಜವಾಗಿ ಚೆನ್ನಾಗಿದೆ" ಎಂದ. ಬಾಳವ್ವ ಹೆದರಿ ಅರಿವೆ ನೋಡಿದಳು. ಮೀಸೆ ಎಲ್ಲಿಗೂ ಹೋಗಿರಲಿಲ್ಲ.

ಮುಂದೆ ಅವನು ಕಟ್ಟೆಗೆ ದಿನವೂ ಬಂದು ಎಲ್ಲರ ಚಿತ್ರದ ಹುಳುಕು ಹೇಳುತ್ತಿದ್ದ. ಜನ ಬೈದುಕೊಂಡೇ ಅವನಿಗಾಗಿ ಕಾಯುತ್ತಿದ್ದರು. ತಮ್ಮ ಹಳೆಯ, ಸೊಟ್ಟ ಚಿತ್ರಗಳನ್ನೂ ಪೆಟ್ಟಿಗೆಯ ತಳದಿಂದ ತೆಗೆದು ತರತೊಡಗಿದರು. ರಾಜ ಅರ್ಧ ರಾಜ್ಯ ಕೊಡಲು ಬಂದಾಗ ಬಾಳವ್ವ ಅದು ಬೇಡವೆಂದು ರಾಣಿಯರ ಹಳೆಯ ಸೀರೆಗಳನ್ನು ಕೇಳಿ ಪಡೆದಳು. ಅವುಗಳಿಂದ ನೇರಳೆಯ ನೆರಳಲ್ಲಿ ಕೂತು ಹೊಸ ಕೌದಿ ಹೊಲಿದಳು. ಈ ಸಲ ಆ ಮೂರು ಅರಿವೆಗಳನ್ನು ಒಳಗೆ ಹಾಕಲಿಲ್ಲ, ಮೇಲ್ಪದರದ ನಟ್ಟನಡುವೆ ಇಟ್ಟಳು. ಹೊಲಿಗೆ ಒಂದು ಕಡೆ ಸೊಟ್ಟಗಾಯಿತು. ಅವ್ವ ಅದನ್ನು ತೋರಿಸಿದರೂ ಅವಳು ಬಿಚ್ಚಲಿಲ್ಲ.

ನೋಡಿದವರೆಲ್ಲ ಇದೇನು ಹಲಸಿನಹಣ್ಣೇ ಎಂದು ಕೇಳುವರು. ಕುದುರೆ ಎಂದು ಬಾಳವ್ವ ಎದೆ ಎತ್ತಿ ಹೇಳುವಳು. ಹೀಗೆ ಅವರು ಅಲ್ಲಿ ತಮ್ಮ ಮರಗಳ ನೆರಳಲ್ಲಿ ತಣ್ಣಗಿದ್ದಾರೆ, ನಾವು ಇಲ್ಲಿ ಅವರ ಕತೆಯ ನೆರಳಲ್ಲಿದ್ದೇವೆ.