ಚಳಿಗೆ ಎರಡು ಜೊತೆ ಕಾಲುಚೀಲ

"ಮೇಡಂಗೆ ಚಳಿ ತಡೆಯುತ್ತಾ ಸರ್?"

ತಲೆ ಎತ್ತದೆಯೇ ಕೇಳಿದಳು. ತಲೆ ಎತ್ತಿದರೆ, ಎದುರು ಕುರ್ಚಿಯಲ್ಲಿದ್ದವನು ಯಾರೋ ಕೆನ್ನೆಗೆ ಬಾರಿಸಿದಂತೆ ಅವಳನ್ನೇ ನೋಡುತ್ತಿದ್ದ.

"ತಡೆಯಲ್ಲ..." ಎಂದ ಕೊನೆಗೆ.

ಆ ಕಣ್ಣುಗಳಲ್ಲಿ ಏನಿತ್ತೋ, ಅವಳ ಕೈಯಲ್ಲಿದ್ದ ಪೆನ್ನು ನಿಂತುಬಿಟ್ಟಿತು.

ಅದು ಪ್ರವಾಸದ ಆಫೀಸು. ಗೋಡೆ ತುಂಬ ಬಿಳಿ ಬೆಟ್ಟಗಳ ಚಿತ್ರ, ಕೆಳಗೆ ಎರಡು ಮೇಜು. ಚಳಿಗಾಲದ ರಜೆಗೆ ಯಾರು ಯಾವ ಹಿಮದೂರಿಗೆ ಹೋಗಬೇಕೆಂದು ಆರಿಸಿಕೊಡುವುದು ಅವಳ ಕೆಲಸ. ಮಕ್ಕಳಿದ್ದರೆ ಜಾರುಬಂಡಿಯ ಊರು. ವಯಸ್ಸಾದವರಿಗೆ ಹಾಸಿಗೆಯಿಂದಲೇ ಬೆಟ್ಟ ಕಾಣುವ ಕೋಣೆ. ಅವಳು ಮಾತ್ರ ಹಿಮವನ್ನು ಕಣ್ಣಾರೆ ಕಂಡಿರಲಿಲ್ಲ. ಹೋಗೋಣವೆಂದರೆ ಜೊತೆಗೆ ಯಾರಿದ್ದಾರೆ?

ಹಿಮದೂರುಗಳ ಕೋಣೆಗಳಿಗೆಲ್ಲ ಇಬ್ಬರ ಲೆಕ್ಕದಲ್ಲೇ ಬಾಡಿಗೆ. ಹಾಗಾಗಿ ಎಷ್ಟು ಜನ ಎಂದು ಕೇಳಲೇಬಾರದು, ಮೇಡಂಗೆ ಏನಿಷ್ಟ ಎಂದೇ ಮಾತು ಶುರು ಮಾಡಬೇಕು ಎಂದು ಆಫೀಸಿನ ಯಜಮಾನರು ಅವಳಿಗೆ ಕಲಿಸಿದ್ದರು. ಒಂಟಿಯಾದವರ ಎದೆಗೆ ಆ ಮಾತು ಹೇಗೆ ನಾಟುತ್ತದೆಂದು ಆ ಮನುಷ್ಯ ಯೋಚಿಸಿದವನೇ ಅಲ್ಲ.

ಬಂದವನು ಹಿಂದಿನ ಬೀದಿಯ ಕೋಲ್ಡ್ ಸ್ಟೋರೇಜಿನ ಮೆಕ್ಯಾನಿಕ್. ದಿನವಿಡೀ ಫ್ರಿಜ್ಜೊಳಗೇ ಇರುವವನಿಗೆ ಹಿಮ ಬೇಕಂತೆ ಎಂದು ಯಜಮಾನರು ಅವನ ಬೆನ್ನ ಹಿಂದೆ ನಕ್ಕರು. ಅವಳಿಗೆ ನಗು ಬರಲಿಲ್ಲ.

ಮುಂದಿನ ವಾರ ಅವನು ಮತ್ತೆ ಬಂದ. ಆರಿಸಿದ ಊರು ಬೇಡವಂತೆ. ಅಲ್ಲಿ ಜನ ಜಾಸ್ತಿ, ತನ್ನವಳಿಗೆ ಗದ್ದಲ ಆಗಲ್ಲವಂತೆ. ಇನ್ನೊಂದು ಸಲ ಸರೋವರದ ಊರು ಬೇಡವೆಂದ. ಗಾಳಿ ಹೆಚ್ಚು, ಅವಳ ಕಾಲುಗಳು ಬೇಗ ತಣ್ಣಗಾಗುತ್ತವಂತೆ. ಎರಡು ಜೊತೆ ಕಾಲುಚೀಲ ಹಾಕಿದರೂ ಸಾಲದಂತೆ. ಟೀ ಪೂರ್ತಿ ಆರಿದ ಮೇಲೆ ಕುಡಿಯುವವಳು, ಬಿಸಿ ಬಿಸಿ ಕೊಡುವ ಜಾಗಕ್ಕೆ ಹೋಗಿ ಏನು ಪ್ರಯೋಜನ ಎಂದ.

*ಎಷ್ಟು ಗಮನಿಸ್ತಾನೆ ಅವಳನ್ನ... ಎಂಥ ಪುಣ್ಯವಂತೆ!*

ಸಂಜೆ ಬಾಡಿಗೆ ಕೋಣೆಯ ಬೀಗ ತೆಗೆದರೆ, ಬೆಳಿಗ್ಗೆ ಇಟ್ಟ ಲೋಟ ಇಟ್ಟ ಕಡೆಯೇ ಇರುತ್ತಿತ್ತು. ಅದನ್ನು ಸರಿಸುವವರೂ ಇಲ್ಲ. ರಜೆಗೆ ಬಾ ಎಂದು ಅತ್ತಿಗೆ ಫೋನಿನಲ್ಲಿ ಕರೆಯುತ್ತಿದ್ದಳು, ಆದರೆ ಫೋನಿಡುವ ಅವಸರ ಆ ದನಿಯಲ್ಲೇ ಕೇಳುತ್ತಿತ್ತು. ಅವನು ಬರುವ ದಿನಕ್ಕಾಗಿ ತಾನು ಕಾಯುತ್ತಿದ್ದೇನೆಂದು ಅರಿವಾದಾಗ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಇನ್ನೊಬ್ಬಳ ಗಂಡ!

ಅವನು ಮತ್ತೊಂದು ಊರು ಬೇಡವೆಂದ ದಿನ ಅವಳ ತಾಳ್ಮೆ ಕೆಟ್ಟಿತು.

"ನಾಳೆ ಮೇಡಂನೇ ಕರ್ಕೊಂಡು ಬನ್ನಿ. ಅವರೇ ಆರಿಸ್ಲಿ. ನಂಗೆ ಸಾಕಾಯ್ತು."

ಅವನ ಮುಖ ಸಪ್ಪಗಾಯಿತು. ಎದ್ದು ಹೋದವನು ಮತ್ತೆ ಬರಲಿಲ್ಲ.

ಪೀಡೆ ತೊಲಗಿತು ಅಂದುಕೊಂಡಳು. ಆದರೂ ಬಾಗಿಲು ಸದ್ದಾದಾಗಲೆಲ್ಲ ಕಣ್ಣು ಅತ್ತಲೇ ಓಡುತ್ತಿತ್ತು.

ಒಂದು ಮಧ್ಯಾಹ್ನ ಯಜಮಾನರು ಅವಳ ಮೇಜಿನ ಬಳಿ ನಿಂತರು. "ಏನಮ್ಮಾ, ಟೀ ಮೇಲೆ ಕೆನೆ ಕಟ್ಟಿದೆ. ಮೇಜಿನ ಕೆಳಗೆ ನೋಡಿದ್ರೆ ಎರಡೆರಡು ಸಾಕ್ಸು. ಚಳಿ ತಡೆಯೋದ್ರಲ್ಲಿ ನಿನಗಿಂತ ಫ್ರಿಜ್ಜಿನ ಕೆಲಸದವನೇ ವಾಸಿ."

ಅವಳು ಟೀ ನೋಡಿದಳು. ತನ್ನ ಕಾಲು ನೋಡಿಕೊಂಡಳು. *ಅವನು ಹೇಳ್ತಿದ್ದಿದ್ದು ನನ್ನನ್ನೇ... ಹಾಗಾದ್ರೆ ಆ ಮೇಡಂ?*

ಕೈಚೀಲವನ್ನೂ ತೆಗೆದುಕೊಳ್ಳದೆ ಹಿಂದಿನ ಬೀದಿಗೆ ನಡೆದಳು. ಕೋಲ್ಡ್ ಸ್ಟೋರೇಜಿನ ದಪ್ಪ ಬಾಗಿಲು ತೆರೆದು ಅವನು ಹೊರಬಂದ. ಪೈಪುಗಳಿಂದ ಕೆರೆದ ಹಿಮದ ಪುಡಿ ಸ್ವೆಟರಿನ ಮೇಲೆಲ್ಲ ಉದುರಿತ್ತು. ಅವಳನ್ನು ಕಂಡು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಮದುವೆ ಆಗಿಲ್ಲ ಅಂತ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲೇ ಇಲ್ಲ. ಮೇಡಂಗೆ ಚಳಿ ತಡೆಯುತ್ತಾ ಅಂದ್ರಿ." ಅವನು ನೆಲ ನೋಡಿದ. "ನಂಗೂ ಒಬ್ಬಳು ಇರ್ಬಹುದು ಅಂತ ಯಾರೂ ಅಂದ್ಕೊಂಡಿರ್ಲಿಲ್ಲ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಆಮೇಲೆ, ಅವಳು ಹೇಗಿದ್ದಾಳೆ ಅಂತ ಹೇಳ್ಬೇಕಾಯ್ತು. ಎದುರಿಗೆ ನೀವಿದ್ರಿ... ನೋಡ್ಕೊಂಡು ಹೇಳಿದೆ."

"ಬುದ್ಧಿ ಇದೆಯೇನ್ರೀ ನಿಮಗೆ? ಇಲ್ಲದ ಹೆಂಡತಿ ಮೇಲೆ ಇಷ್ಟು ದಿನ ಹೊಟ್ಟೆ ಉರ್ಕೊಂಡೆ ನಾನು."

ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವಳಿಗೆ ತಿಳಿಯಿತು. ಅವನಿಗೂ ತಿಳಿಯಿತು. ಹಿಂದೆ ಯಂತ್ರ ಗುಂಯ್‌ಗುಡುತ್ತಿತ್ತು.

ಅವಳು ಕೈ ಚಾಚಿ ಅವನ ಭುಜದ ಮೇಲಿನ ಬಿಳಿ ಪುಡಿಯನ್ನು ಬೆರಳಲ್ಲಿ ತೆಗೆದುಕೊಂಡಳು. ನೋಡನೋಡುತ್ತಿದ್ದಂತೆ ಕರಗಿ ನೀರಾಯಿತು. ಅವಳ ಕಣ್ಣೂ ತುಂಬಿತು.

"ಇಷ್ಟೇ ನಾನು ನೋಡಿರೋ ಹಿಮ," ಎಂದಳು.

ಅವನು ಒರಟು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅಂಜುತ್ತಲೇ ಅವಳ ಒದ್ದೆ ಬೆರಳು ಹಿಡಿದ.

"ಮೇಡಂಗೆ ಚಳಿ ತಡೆಯುತ್ತಾ?"

"ತಡೆಯಲ್ಲ," ಎಂದಳು. "ಆದ್ರೂ ಬರ್ತಾಳೆ."