ನಾಲ್ಕು ಕೋಣೆಯ ಹೊಟ್ಟೆ

"ಅಮ್ಮಾ, ಇದು ಮನುಷ್ಯಂದು. ಇದಕ್ಕೂ ಯಾಕೆ ನಾಲ್ಕು ಚೀಲ ಹೊಲಿದೆ?"

ಚೂಟಿ ಎರಡು ರಟ್ಟುಗಳನ್ನು ಎತ್ತಿ ಹಿಡಿದಳು. ಒಂದರ ಮೇಲೆ ಹಸುವಿನ ಚಿತ್ರ, ಇನ್ನೊಂದರ ಮೇಲೆ ಮನುಷ್ಯನದು. ಎರಡರ ಹೊಟ್ಟೆಯಲ್ಲೂ ಬಣ್ಣದ ಬಟ್ಟೆಯ ನಾಲ್ಕು ಪುಟ್ಟ ಚೀಲಗಳು.

ಅಮ್ಮ ಹೊಲಿಗೆ ಯಂತ್ರದಿಂದ ತಲೆಯೆತ್ತಿ ನಕ್ಕಳು. ಬಟ್ಟೆ ಮಡಚಿ ಒಂದೇ ಸಲಕ್ಕೆ ಎರಡು ಜೊತೆ ಕತ್ತರಿಸುವುದು ಅವಳ ರೂಢಿ. ಅಂಗಿಯ ತೋಳಾದರೂ ಅಷ್ಟೇ, ಹಸುವಿನ ಹೊಟ್ಟೆಯಾದರೂ ಅಷ್ಟೇ.

ಮನುಷ್ಯನ ಹೊಟ್ಟೆಯಿಂದ ಮೂರು ಚೀಲಗಳನ್ನು ಬಿಚ್ಚಿ ತೆಗೆಯುತ್ತಾ ಚೂಟಿ ಸೋಮವಾರ ಕ್ಲಾಸಿನಲ್ಲಿ ಹೇಳಬೇಕಾದ್ದನ್ನು ಒಪ್ಪಿಸಿದಳು. ಹಸು ಹುಲ್ಲನ್ನು ಸರಿಯಾಗಿ ಅಗಿಯದೆ ಗಬಗಬ ನುಂಗುತ್ತದೆ. ಅದು ಮೊದಲ ದೊಡ್ಡ ಕೋಣೆಯಲ್ಲಿ ನೆನೆಯುತ್ತದೆ. ಆಮೇಲೆ ಹಸು ನೆರಳಲ್ಲಿ ಮಲಗಿ, ಅದನ್ನೇ ಮತ್ತೆ ಬಾಯಿಗೆ ತಂದುಕೊಂಡು ನಿಧಾನವಾಗಿ ಮೆಲುಕು ಹಾಕುತ್ತದೆ.

ಅಮ್ಮ ಮಧ್ಯಾಹ್ನದ ಊಟದ ತಟ್ಟೆ ಹಿಡಿದು ಯಂತ್ರದ ಪಕ್ಕ ನಿಂತೇ ಕೇಳುತ್ತಿದ್ದಳು. ನಾಲ್ಕು ತುತ್ತು ಇಳಿಯುವಷ್ಟರಲ್ಲಿ ಗುಂಡಿ ಹಾಕಿಸಲು ಯಾರೋ ಬಂದರು. ಅಮ್ಮ ಕೈ ತೊಳೆದು ಹೋದಳು. ಬಂದು ಮತ್ತೆರಡು ತುತ್ತು ನುಂಗುವಷ್ಟರಲ್ಲಿ ಪರದೆಯ ಅಳತೆ ಕೊಡಲು ಇನ್ನೊಬ್ಬರು. ತಟ್ಟೆಯಲ್ಲಿ ಉಳಿದದ್ದನ್ನು ಅವಳು ನೀರು ಕುಡಿದು ಒಳಗೆ ತಳ್ಳಿದಳು. ಆಮೇಲೆ ಎದೆಯ ಕೆಳಗೆ ಕೈ ಒತ್ತಿ ಹಿಡಿದು ಕೂತಳು. ಮಧ್ಯಾಹ್ನವಾದರೆ ಇದು ಇದ್ದದ್ದೇ. ಕೂತು ನಿಧಾನವಾಗಿ ಊಟ ಮಾಡಿ ಎಂದು ಡಾಕ್ಟರು ಹೇಳಿದ್ದರು. ಅವರು ಕೊಟ್ಟ ಮಾತ್ರೆಯನ್ನೂ ಅಮ್ಮ ನಿಂತೇ ನುಂಗುತ್ತಿದ್ದಳು.

"ಉರೀತಿದೆಯಾ?"

"ಸ್ವಲ್ಪ. ನಾನೂ ನಿನ್ನ ಹಸು ಥರಾನೇ ಬಿಡು. ಮೊದಲು ನುಂಗೋದು, ಮಿಕ್ಕಿದ್ದೆಲ್ಲ ಆಮೇಲೆ."

"ಅದು ಆಮೇಲೆ ಕೂತು ಅಗಿಯತ್ತೆ. ನೀನು ಯಾವಾಗ ಅಗಿಯೋದು?"

ಅಮ್ಮ ಸೂಜಿಗೆ ದಾರ ಪೋಣಿಸತೊಡಗಿದಳು.

ಮರುದಿನ ಭಾನುವಾರ. ಅಮ್ಮ ತಟ್ಟೆ ಹಿಡಿದು ಇನ್ನೇನು ಊಟ ಶುರು ಮಾಡಿದ್ದಳು. ಬಾಗಿಲಲ್ಲಿ ಒಬ್ಬ ಲಾರಿ ಡ್ರೈವರ್ ಬಂದು ನಿಂತು, ಪ್ಯಾಂಟ್ ಆಯ್ತಾ ಅಕ್ಕಾ ಎಂದು ಕೇಳಿದ. ಅಮ್ಮ ತಟ್ಟೆ ಕೆಳಗಿಡುವ ಮೊದಲೇ ಚೂಟಿ ಹೊಸ್ತಿಲಿಗೆ ಹೋದಳು.

"ಅಮ್ಮ ಊಟ ಮಾಡ್ತಿದ್ದಾರೆ ಅಂಕಲ್. ಸ್ವಲ್ಪ ಕೂತ್ಕೊಳ್ಳಿ."

"ಒಂದು ಪ್ಯಾಂಟ್ ಎತ್ತಿ ಕೊಡೋಕೆ ಎಷ್ಟು ಹೊತ್ತಮ್ಮಾ?"

"ಅದಕ್ಕೆ ಹೊತ್ತು ಬೇಡ. ಊಟಕ್ಕೆ ಬೇಕು."

ಒಳಗಿಂದ ಅಮ್ಮ ಮೆಲ್ಲಗೆ ಗದರಿದಳು. ಗಿರಾಕಿ ಸಿಟ್ಟಾಗಿ ಹೊರಟೇಬಿಟ್ಟರೆ ಎಂದು ಚೂಟಿಗೂ ಅಳುಕು. ಪಕ್ಕದ ಬೀದಿಯಲ್ಲಿ ಇನ್ನೊಂದು ಹೊಲಿಗೆ ಅಂಗಡಿ ಇತ್ತು. ಡ್ರೈವರ್ ಗಡಿಯಾರ ನೋಡಿದ, ರಸ್ತೆ ನೋಡಿದ. ಕೊನೆಗೆ ಹೊರಗಿನ ಬೆಂಚಿನ ಮೇಲೆ ಕೂತು ಕಾಲು ಚಾಚಿದ.

ಒಳಗೆ ಅಮ್ಮ ಕೂರಲು ಸ್ಟೂಲು ಎಳೆದುಕೊಂಡ ಸದ್ದು ಕೇಳಿಸಿತು.

ಚೂಟಿ ಬಾಗಿಲಿಗೆ ಒರಗಿ ಬೀದಿ ನೋಡುತ್ತಾ ನಿಂತಳು. ತಿರುಗಿ ನೋಡಿದರೆ ಅಮ್ಮ ಎದ್ದುಬಿಡುತ್ತಾಳೆ ಎಂದು ಅವಳಿಗೆ ಗೊತ್ತಿತ್ತು.