ಮೂಲೆಯಲ್ಲಿ ಮಾತ್ರ ಹಸಿರು

"ಪೈಪು ಕೆಳಗಿಡಿ."

ತಂಡದ ಕೋಚ್ ಚಿರಂತ್ ಬೆಚ್ಚಿ ತಿರುಗಿದ. ಜೆ.ಪಿ. ನಗರದ ಆ ಫುಟ್‌ಬಾಲ್ ಮೈದಾನದ ಮೂಲೆಯಲ್ಲಿ, ಬೆಳಗಿನ ಆರು ಗಂಟೆಗೆ, ಎದುರಿಗೆ ತೇಜಸ್ವಿನಿ ನಿಂತಿದ್ದಳು. ಕಣ್ಣಲ್ಲಿ ಬೆಂಕಿ.

ಮೈದಾನದ ಹುಲ್ಲು ಅವಳ ಕೆಲಸ. ಜರಗನಹಳ್ಳಿಯ ಹೆಣ್ಣು. ಪಕ್ಕದ ಅಪಾರ್ಟ್‌ಮೆಂಟಿನವರು ಬಳಸಿ ಶುದ್ಧಿ ಮಾಡಿದ ನೀರನ್ನು ವಾರಕ್ಕೊಮ್ಮೆ ಹೊಟ್ಟೆ ತುಂಬ ಉಣಿಸಿ, ಆಮೇಲೆ ಹುಲ್ಲನ್ನು ಬಾಯಾರಲು ಬಿಡುತ್ತಿದ್ದಳು. ಬಾಯಾರಿದ ಹುಲ್ಲು ನೀರು ಹುಡುಕಿಕೊಂಡು ಆಳಕ್ಕೆ ಬೇರು ಬಿಡುತ್ತದೆ. ಮೇಲೆ ಸ್ವಲ್ಪ ಮಂಕು ಕಾಣುತ್ತದೆ, ಅಷ್ಟೇ.

ಕ್ಲಬ್ಬಿನ ಕಾರ್ಯದರ್ಶಿ ಚಕ್ರಪಾಣಿಗೆ ಆ ಮಂಕೇ ಕಂಡಿತ್ತು. ಭಾನುವಾರದ ಪಂದ್ಯದಲ್ಲಿ ಹುಲ್ಲು ಕಿತ್ತು ಬಂದರೆ ಪ್ಲಾಸ್ಟಿಕ್ ಹುಲ್ಲು ಹಾಸಿ ತೇಜಸ್ವಿನಿಯನ್ನು ಮನೆಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಆ ಪ್ಲಾಸ್ಟಿಕ್ಕಿನ ಮೇಲೆ ಅವರೇ ಬರಿಗಾಲಲ್ಲಿ ನಿಲ್ಲಲಿ, ಗೊತ್ತಾಗುತ್ತದೆ.

ನಿನ್ನೆ ತಾನೇ ಅವರು ಈ ಮೂಲೆಯ ಹಸಿರನ್ನು ತೋರಿಸಿ, ಉಳಿದದ್ದೂ ಯಾಕೆ ಹೀಗಿಲ್ಲ ಎಂದು ಎಲ್ಲರೆದುರು ಕೇಳಿದ್ದರು. ಅದಕ್ಕೆ ಉತ್ತರ ಇವತ್ತು ಸಿಕ್ಕಿತು... ಕೋಚ್ ಕೈಯಲ್ಲಿದ್ದ ಪೈಪು!

'ನಾನು ಹುಲ್ಲು ಕತ್ತರಿಸುವಾಗ ಇವನು ಕಲ್ಲಿನ ಮೇಲೆ ಕೂತು ನೋಡುತ್ತಿದ್ದದ್ದು ಇದಕ್ಕಾ?'

ಅವನು ಏನೋ ಹೇಳಲು ಹೋದ. ಅವಳು ಪೈಪು ಕಿತ್ತುಕೊಂಡು ನಡೆದೇಬಿಟ್ಟಳು.

ಮೂರು ದಿನ ಅವನು ಎದುರಾದಾಗೆಲ್ಲ ಅವಳು ದಾರಿ ಬದಲಿಸಿದಳು.

ಭಾನುವಾರ. ಆಟ ಶುರುವಾದ ಹತ್ತೇ ನಿಮಿಷಕ್ಕೆ ಆ ಹಸಿರು ಮೂಲೆಯಲ್ಲಿ ಒಬ್ಬ ಆಟಗಾರ ತಿರುಗಿದ. ಹುಲ್ಲು ಚಾಪೆಯಂತೆ ಕಿತ್ತು ಬಂತು. ಚಕ್ರಪಾಣಿ ಎದ್ದು ನಿಂತರು. ತೇಜಸ್ವಿನಿ ಬಾಯಿ ತೆರೆಯುವ ಮೊದಲೇ ಚಿರಂತ್ ಮುಂದೆ ಬಂದ.

"ಅಲ್ಲಿ ಎಂಟು ದಿನ ನೀರು ಬಿಟ್ಟಿದ್ದು ನಾನು ಸಾರ್. ಇವರಿಗೆ ಗೊತ್ತೇ ಇರಲಿಲ್ಲ."

ಆಟ ಮುಗಿಯುವವರೆಗೆ ಬೇರೆಲ್ಲೂ ಒಂದು ಎಸಳು ಕದಲಲಿಲ್ಲ. ಆಮೇಲೆ ಅವಳು ಚಾಕುವಿನಿಂದ ಎರಡು ಹೆಂಟೆ ಕೊಯ್ದು ಚಕ್ರಪಾಣಿಯ ಕೈಗಿಟ್ಟಳು. ದಿನವೂ ನೀರು ನಿಂತು ಕೊಳೆತ ಹಸಿರು ಮೂಲೆಯ ಬೇರು ಉಗುರುದ್ದ. ನಡುಮೈದಾನದ ಮಂಕು ಹುಲ್ಲಿನದು ಗೇಣುದ್ದ.

ಅವರು ಎರಡನ್ನೂ ತಿರುಗಿಸಿ ನೋಡಿದರು. "ಪ್ಲಾಸ್ಟಿಕ್‌ನವರಿಗೆ ಬರಬೇಡಿ ಅಂತ ಫೋನ್ ಮಾಡ್ತೀನಮ್ಮ," ಎಂದು ಹೊರಟರು.

ಮೈದಾನ ಖಾಲಿಯಾಯಿತು.

"ಯಾಕೆ ಹಾಗ್ ಮಾಡಿದ್ರಿ?"

"ನಿಮ್ಮನ್ನ ಕಳಿಸಿಬಿಡ್ತಾರೆ ಅಂತ ಹೆದರಿದೆ. ಒಂದು ಮೂಲೆನಾದ್ರೂ ಹಸಿರಾಗಿ ಕಂಡ್ರೆ ನೀವು ಉಳೀತೀರಿ ಅನ್ಕೊಂಡೆ..."

"ನನ್ನ ಒಂದ್ ಮಾತು ಕೇಳಬಾರದಿತ್ತಾ?"

"ಕೇಳೋಕೆ ಅಂತ ಬಂದಾಗೆಲ್ಲ ಬಾಯಿಗೆ ಬೇರೆ ಮಾತು ಬರ್ತಿತ್ತು." ಅವನು ನೆಲ ನೋಡಿದ. "ನೀವಿಲ್ಲದ ಮೈದಾನಕ್ಕೆ ನನಗೆ ಬರೋಕಾಗಲ್ಲ, ತೇಜಸ್ವಿನಿ."

ಮೂರು ದಿನದ ಸಿಟ್ಟು ಎಲ್ಲಿ ಹೋಯಿತೋ! ಅವಳು ನೆಡಲು ತಂದಿದ್ದ ಹುಲ್ಲಿನ ಕಡ್ಡಿಗಳನ್ನು ಅವನ ಅಂಗೈಗೆ ಸುರಿದು, ಆ ಬೆರಳುಗಳನ್ನು ತಾನೇ ಮಡಚಿದಳು. ಕೈ ಬಿಡಲಿಲ್ಲ.

"ಮೂಲೆ ಮತ್ತೆ ನೆಡಬೇಕು. ಬೇರು ಹಿಡಿಯೋಕೆ ಆರು ವಾರ ಆಗುತ್ತೆ."

"ದಿನಾ ಬರ್ತೀನಿ."

"ಬಾ. ಪೈಪು ಮಾತ್ರ ಮುಟ್ಟಬೇಡ."